ಹಾಜರಾಬಿ ಬಾಗಿಲಲ್ಲಿ ಕೂತ ದಿನ

ಪೊಲೀಸ್ ತರಬೇತಿಯಲ್ಲಿ ಕರುಣಾ ಗುಂಡು ಹಾರಿಸುವುದರಲ್ಲಿ ಇಡೀ ತಂಡಕ್ಕೇ ಮೊದಲಿಗಳಾಗಿದ್ದಳು. ಹತ್ತು ಗುಂಡಿನಲ್ಲಿ ಒಂಬತ್ತು ನಡುವಿನ ಕರಿಯ ವೃತ್ತದೊಳಗೇ ಬಿದ್ದಿದ್ದವು. ಆಗ ಬಹುಮಾನವಾಗಿ ಸಿಕ್ಕ ಕಪ್ಪನ್ನು ಅವಳ ಅಪ್ಪ ಅರ್ಜುನಪ್ಪ ಮಾಸ್ತರರು ನವನಗರದ ಮನೆಯಲ್ಲಿ ಬುದ್ಧನ ಫೋಟೋದ ಕೆಳಗೆ ಇಟ್ಟಿದ್ದರು. ಬಂದವರೆಲ್ಲ ಮೊದಲು ಅದನ್ನು ನೋಡಿ, ಆಮೇಲೆ ಕೂಡಬೇಕಿತ್ತು.

ಅಂಥವಳಿಗೆ ನೌಕರಿಯ ನಾಲ್ಕನೆಯ ವರ್ಷ ಬಾಗಿಲು ಕಾಯುವ ಕೆಲಸ ಬಂತು. ದೂರದ ಯಾವುದೋ ಊರಿನ ಸರ್ಕಾರಿ ಕಚೇರಿಯೊಳಗೆ ಒಬ್ಬ ಪಿಸ್ತೂಲು ತಂದು ಮೂವರ ಮೇಲೆ ಹಾರಿಸಿದ ಸುದ್ದಿ ಬಂದ ಮೇಲೆ ಧಾರವಾಡದ ಜಿಲ್ಲಾಧಿಕಾರಿ ಕಚೇರಿಯಲ್ಲೂ ತಪಾಸಣೆ ಶುರುವಾಗಿತ್ತು. ಬಾಗಿಲಿಗೆ ಲೋಹ ಪತ್ತೆ ಮಾಡುವ ದೊಡ್ಡ ಚೌಕಟ್ಟು ನಿಲ್ಲಿಸಿದರು. ಪಕ್ಕದಲ್ಲಿ ಹೆಂಗಸರ ತಪಾಸಣೆಗೆಂದು ಪರದೆ ಕಟ್ಟಿದ ಒಂದು ಮೂಲೆ. ಕರುಣಾಳ ಕೈಗೆ ಒಂದು ಮೊಳದ ಕಪ್ಪು ಕೈಯಂತ್ರ. ಬಂದ ಹೆಂಗಸರ ಮೈಮೇಲೆ ಅದನ್ನು ಆಡಿಸುವುದು, ಅದು ಒದರಿದರೆ ಏನೆಂದು ಕೇಳುವುದು. ಪಹಣಿಗೆ, ಪಿಂಚಣಿಗೆ, ಜಾತಿ ಪ್ರಮಾಣಪತ್ರಕ್ಕೆ ಬಂದವರು ಸೊಂಟದ ಕೀಲಿಗೊಂಚಲು ತೆಗೆದಿಟ್ಟು, ಬೇಸರದ ಮುಖ ಮಾಡಿ ಹಾದುಹೋಗುತ್ತಿದ್ದರು. ಬಂದೂಕು ಹಿಡಿಯಲು ಕಲಿತ ಕೈಗೆ ಇದೆಂಥ ಕೆಲಸ ಎಂದು ಕರುಣಾ ದಿನವೂ ಅಂದುಕೊಳ್ಳುತ್ತಿದ್ದಳು.

ಜನವರಿಯ ಒಂದು ಮಂಗಳವಾರ, ತಲೆಯ ಮೇಲೆ ಸೆರಗು ಹೊದ್ದ, ಅರವತ್ತರ ಹತ್ತಿರದ ಹೆಂಗಸೊಬ್ಬಳು ಚೌಕಟ್ಟು ದಾಟಿದಳು. ಅದು ಒದರಿತು. ಕರುಣಾ ಅವಳ ಕೈಚೀಲ ತೆಗೆಸಿದಳು. ಮತ್ತೆ ಒದರಿತು. ಚಪ್ಪಲಿ ಬಿಡಿಸಿದಳು, ಕೀಲಿ ತೆಗೆಸಿದಳು. ಕೈಯಲ್ಲಿ ಬಳೆ ಇರಲಿಲ್ಲ, ಕೊರಳಲ್ಲಿ ಸರ ಇರಲಿಲ್ಲ. ಆದರೂ ಒದರಿತು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಕರುಣಾ ಅವಳನ್ನು ಪರದೆಯ ಹಿಂದೆ ಕರೆದೊಯ್ದು ಕೈಯಂತ್ರ ಆಡಿಸಿದಳು. ಎಡಭುಜದ ಹತ್ತಿರ ಸದ್ದು ಬಂತು. ಕೊರಳ ಬುಡದಲ್ಲಿ ಬಂತು, ಪಕ್ಕೆಲುಬಿನ ಕೆಳಗೂ ಬಂತು. ರವಿಕೆಯೊಳಗೆ ಏನೋ ಹೊಲಿದು ತಂದಿದ್ದಾಳೆ ಎಂದು ಕರುಣಾಳಿಗೆ ಖಾತ್ರಿಯಾಯಿತು. ಇಟ್ಟುಕೊಂಡಿದ್ದನ್ನು ತಾನಾಗಿಯೇ ತೆಗೆ, ಇಲ್ಲದಿದ್ದರೆ ಠಾಣೆಗೆ ಕಳಿಸಬೇಕಾಗುತ್ತದೆ ಎಂದು ಗದರಿಸಿದಳು.

ಹೆಂಗಸು ಸಿಟ್ಟಾಗಲಿಲ್ಲ. ಸಾವಕಾಶ ಸೆರಗು ಸರಿಸಿದಳು.

"ತಗಿಯಾಕ ಬರೂದಿಲ್ರಿ ಮೇಡಂರ," ಎಂದಳು. "ಡಾಕ್ಟರಗೂ ಬರಲಿಲ್ಲ."

ಭುಜದಿಂದ ಬೆನ್ನಿನವರೆಗೂ ಸಣ್ಣ ಸಣ್ಣ ಕಲೆಗಳಿದ್ದವು. ಜೋಳದ ಕಾಳಿನಷ್ಟು ದೊಡ್ಡವು, ಸುತ್ತ ಚರ್ಮ ಸುಕ್ಕುಗಟ್ಟಿದವು. ಮೊದಲ ನೋಟಕ್ಕೆ ಮೈಲಿಬೇನೆಯ ಕಲೆ ಅನ್ನಬೇಕು. ಕರುಣಾ ಕೈಯಂತ್ರವನ್ನು ಕೆಳಗಿಟ್ಟಳು.

ಅವಳ ಹೆಸರು ಹಾಜರಾಬಿ ನದಾಫ. ಉಣಕಲ್ಲಿನಲ್ಲಿ ಮನೆ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಮನೆತನದ ಕಸುಬು. ಪರದೆಯ ಹಿಂದೆ ಸೆರಗು ಸರಿಮಾಡಿಕೊಳ್ಳುತ್ತ, ನಾಲ್ಕೇ ಮಾತಿನಲ್ಲಿ ತನ್ನ ಕಥೆ ಹೇಳಿದಳು. ಉಳಿದದ್ದು ಕರುಣಾಳಿಗೆ ಮುಂದಿನ ಸಲಗಳಲ್ಲಿ ತಿಳಿಯಿತು.

ಒಂಬತ್ತು ವರ್ಷದ ಹಿಂದೆ ಒಂದು ಕಲ್ಯಾಣಮಂಟಪದವರು ಬೀಗರು ಇಳಿದುಕೊಳ್ಳುವ ಕೋಣೆಗಳಿಗೆಂದು ಎಂಟು ಗಾದಿ ಹೇಳಿದ್ದರು. ಬೆಳಿಗ್ಗೆ ಹಾಜರಾಬಿಯ ಗಂಡ ಶರೀಫಸಾಬ ಕೊನೆಯ ಗಾದಿಯನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆದಿದ್ದ, ಇವಳು ತಲೆದಿಂಬು ಹಿಡಿದು ಹಿಂದಿದ್ದಳು. ಅದೇ ಹೊತ್ತಿಗೆ ಮದುಮಗನ ಮೆರವಣಿಗೆ ಬಾಗಿಲಿಗೆ ಬಂತು. ಮದುಮಗನ ಸೋದರಮಾವ ಫಕ್ಕೀರಗೌಡ ಜೋಡುನಳಿಗೆಯ ಬಂದೂಕು ತಂದಿದ್ದ. ಖುಷಿಗೆ ಆಕಾಶದ ಕಡೆ ಒಂದು ಗುಂಡು ಹಾರಿಸಿದ. ಜನ ಕೇಕೆ ಹಾಕಿದರು. ಬಂದೂಕು ಕೆಳಗಿಳಿಸುವಾಗ ಕುಣಿಯುತ್ತಿದ್ದ ಯಾರದೋ ಮೈ ತಾಗಿತು, ಎರಡನೆಯ ನಳಿಗೆಯೂ ಹಾರಿತು. ಹತ್ತು ಹೆಜ್ಜೆ ದೂರವೂ ಇರಲಿಲ್ಲ. ತೋಟೆಯೊಳಗಿನ ಸೀಸದ ಸಣ್ಣ ಗುಂಡುಗಳು ಚದುರಿ ಗಾದಿಗೆ ಹೊಕ್ಕವು, ಶರೀಫಸಾಬನ ಕೊರಳಿಗೆ ಹೊಕ್ಕವು, ಹಾಜರಾಬಿಯ ಎಡಮೈಗೆ ಹೊಕ್ಕವು. ಹರಿದ ಗಾದಿಯ ಹತ್ತಿ ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತಿತ್ತಂತೆ. ಹಾಜರಾಬಿಗೆ ನೆನಪಿರುವುದು ಅಷ್ಟೇ. ಶರೀಫಸಾಬ ಮೂರನೆಯ ದಿನ ತೀರಿಕೊಂಡ. ಇವಳ ಮೈಯಿಂದ ಹದಿನೈದು ಗುಂಡು ತೆಗೆದ ಡಾಕ್ಟರರು, ಉಳಿದವು ನರಗಳ ಹತ್ತಿರ ಇವೆ, ಮುಟ್ಟಿದರೆ ಕೈ ಹೋದೀತು ಎಂದು ಹನ್ನೊಂದನ್ನು ಒಳಗೇ ಬಿಟ್ಟರು.

ಕೋರ್ಟು ಫಕ್ಕೀರಗೌಡನಿಗೆ ಶಿಕ್ಷೆ ಕೊಟ್ಟಿತ್ತು. ಅವನು ಅದನ್ನು ಮುಗಿಸಿ ಬಂದಿದ್ದ. ಬಂದೂಕು ಮಾತ್ರ ಇಷ್ಟು ವರ್ಷ ಸರ್ಕಾರದ ವಶದಲ್ಲೇ ಇತ್ತು. ಈಗ ಅವನು ಹೊಲಕ್ಕೆ ಹಂದಿ ನುಗ್ಗುತ್ತವೆ, ಲೈಸೆನ್ಸೂ ಬಂದೂಕೂ ತಿರುಗಿ ಬೇಕು ಎಂದು ಅರ್ಜಿ ಹಾಕಿದ್ದ. ಅದು ಹಾಜರಾಬಿಯ ಕಿವಿಗೆ ಬಿತ್ತು. ಪರಿಚಯದ ವಕೀಲರೊಬ್ಬರಿಂದ ಆಕ್ಷೇಪಣೆ ಬರೆಸಿಕೊಂಡು, ಆಗಿನ ಎಕ್ಸರೇಯನ್ನೂ ಹಿಡಿದುಕೊಂಡು ಬಂದಿದ್ದಳು.

ಆ ದಿನ ಅಧಿಕಾರಿ ಪ್ರವಾಸದಲ್ಲಿದ್ದರು, ವಿಚಾರಣೆ ಮುಂದೆ ಹೋಯಿತು. ಮುಂದಿನ ಸಲವೂ ಹಾಗೇ ಆಯಿತು. ಹಾಜರಾಬಿ ಉಣಕಲ್ಲಿನಿಂದ ಬಸ್ಸಿನಲ್ಲಿ ಬಂದು, ಸಾಲಿನಲ್ಲಿ ನಿಂತು, ಚೌಕಟ್ಟು ದಾಟಿ, ಪರದೆಯ ಹಿಂದೆ ಹೋಗಿ, ತಾರೀಖು ಬರೆಸಿಕೊಂಡು ಹೋಗುತ್ತಿದ್ದಳು. ಮೂರನೆಯ ಸಲ ಕರುಣಾ ತನ್ನ ಮೇಲಿನವರನ್ನು ಕೇಳಿ ಒಪ್ಪಿಸಿ, ಇನ್ನು ಮುಂದೆ ಪಕ್ಕದ ಬಾಗಿಲಿನಿಂದ ನೇರ ಒಳಗೆ ಹೋಗಿ ಚಾಚಿ, ನಿಮ್ಮನ್ನು ಯಾರೂ ತಡೆಯುವುದಿಲ್ಲ ಎಂದಳು. ಒಳ್ಳೆಯದು ಮಾಡಿದೆನೆಂಬ ಸಮಾಧಾನ ಅವಳಿಗಿತ್ತು.

ಹಾಜರಾಬಿ ತಲೆ ಅಲ್ಲಾಡಿಸಿದಳು.

"ನನ್ನ ಸಲುವಾಗಿ ಬಾಗಲಾ ಸಡ್ಲ ಬಿಡಬ್ಯಾಡ ಮಗಳ," ಎಂದಳು. "ಅವತ್ತು ಆ ಮಂಟಪದ ಬಾಗಲದಾಗ ನಿನ್ನಂಥಾಕಿ ಒಬ್ಬಾಕಿ ನಿಂತಿದ್ರ, ನನ್ನ ಮನಿಯವರು ಇವತ್ತು ಇರತಿದ್ರು."

ಹೇಳಿ ಚಪ್ಪಲಿ ಬಿಟ್ಟು ಸಾಲಿಗೆ ಹೋದಳು. ಚೌಕಟ್ಟು ಒದರಿತು. ಪರದೆಯ ಹಿಂದೆ ಬಂದು ತಾನಾಗಿಯೇ ಎರಡೂ ಕೈ ಅಗಲಿಸಿ ನಿಂತಳು. ಅವತ್ತು ಕರುಣಾ ಕೈಯಂತ್ರ ಹಿಡಿದದ್ದೇ ಬೇರೆ ಬಗೆಯಲ್ಲಿ. ಅಷ್ಟು ದಿನ ತಾನು ಬೇಸರದಿಂದ ಮಾಡುತ್ತಿದ್ದ ಕೆಲಸವನ್ನು ಒಬ್ಬ ಮುದುಕಿ ಇಷ್ಟು ದೊಡ್ಡದಾಗಿ ಕಂಡಿದ್ದಾಳಲ್ಲ ಎಂದು ಬೆರಗಾಯಿತು. ಒಂದು ಬಗೆಯ ಭಯವೂ ಆಯಿತು. ಮಧ್ಯಾಹ್ನದವರೆಗೆ ಬಂದ ಒಬ್ಬೊಬ್ಬ ಹೆಂಗಸನ್ನೂ ಅವಳು ಮುಖ ನೋಡಿ, ಅವಸರ ಮಾಡದೆ, ಪೂರ್ತಿ ತಪಾಸಿಸಿ ಒಳಗೆ ಬಿಟ್ಟಳು.

ಫೆಬ್ರುವರಿಯಲ್ಲಿ ವರ್ಷದ ಗುಂಡಿನ ಅಭ್ಯಾಸ ನಡೆಯಿತು. ಕರುಣಾ ಮಲಗಿ ಗುರಿಯಿಟ್ಟಳು. ಉಸಿರು ಹಿಡಿದಳು, ಹತ್ತು ಗುಂಡು ಹಾರಿಸಿದಳು. ಗುರಿಯ ಹಲಗೆಯ ಹತ್ತಿರ ಹೋಗಿ ನೋಡಿದರೆ ಎಂಟು ಒಳಗೇ ಇದ್ದವು. ಜೊತೆಯವರು ಶಭಾಸ್ ಅಂದರು. ಅವಳು ಕಾಗದದ ತೂತುಗಳನ್ನು ನೋಡುತ್ತಲೇ ನಿಂತಳು. ತೂತಿನ ಅಂಚು ಒಳಕ್ಕೆ ಮಡಚಿತ್ತು. ಹಿಂದಿನ ಹಲಗೆ ಸೀಳಿತ್ತು. ಇಷ್ಟು ವರ್ಷದಲ್ಲಿ ಗುಂಡು ಹೋದ ಮೇಲೆ ಹಿಂದೆ ಏನಾಗುತ್ತದೆ ಎಂದು ತಾನು ಬಗ್ಗಿ ನೋಡಿರಲೇ ಇಲ್ಲ ಎಂಬುದು ಅವಳಿಗೆ ಹೊಳೆಯಿತು. ಮನೆಗೆ ಬಂದು ಅಪ್ಪನಿಗೆ ಅಂಕ ಹೇಳಿದಳು. ಆಮೇಲೆ ಹಾಜರಾಬಿಯ ವಿಷಯವನ್ನೂ ಹೇಳಿದಳು. ಅರ್ಜುನಪ್ಪ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆ ಹೆಣ್ಣುಮಗಳ ವಿಚಾರಣೆ ಇದ್ದ ದಿನ ನೀನು ರಜೆ ಹಾಕಬೇಡ ಎಂದಷ್ಟೇ ಹೇಳಿದರು.

ವಿಚಾರಣೆ ಕೊನೆಗೂ ಮಾರ್ಚ್ ಎರಡನೆಯ ವಾರ ನಡೆಯಿತು. ಆ ದಿನ ಕರುಣಾಳಿಗೆ ವಿಚಾರಣೆಯ ಕೋಣೆಯ ಬಾಗಿಲಲ್ಲೇ ಕಾವಲು ಬಿದ್ದಿತ್ತು. ಒಂದು ಕಡೆ ಫಕ್ಕೀರಗೌಡ ಕೂತಿದ್ದ. ಅರವತ್ತೇಳು ವರ್ಷದ ಎತ್ತರದ ಆಳು, ಬಿಳಿ ಪಟಕಾ, ಕೈಯಲ್ಲಿ ಕೋಲು. ಹಾಜರಾಬಿ ಒಳಗೆ ಬಂದದ್ದನ್ನು ನೋಡಿ ಮುಖ ಕಿಟಕಿಯ ಕಡೆ ತಿರುಗಿಸಿದ.

ಅವನ ವಕೀಲರು ನಿಂತು ಮಾತಾಡಿದರು. ಅರ್ಜಿದಾರರು ಶಿಕ್ಷೆ ಮುಗಿಸಿದ್ದಾರೆ, ಒಂಬತ್ತು ವರ್ಷದಲ್ಲಿ ಒಂದೂ ದೂರು ಇಲ್ಲ. ಹಂದಿಗಳು ಗೋವಿನಜೋಳದ ಬೆಳೆಯನ್ನು ನೆಲಸಮ ಮಾಡುತ್ತಿವೆ, ಬೇಕಾದರೆ ಫೋಟೋ ನೋಡಬಹುದು. ಅವತ್ತು ಆದದ್ದು ಕೈತಪ್ಪಿ ಆದದ್ದು. ಈ ಹೆಂಗಸು ತೋರಿಸುತ್ತಿರುವ ಎಕ್ಸರೇ ಒಂಬತ್ತು ವರ್ಷ ಹಳೆಯದು, ಮಸುಕಾಗಿದೆ, ಮೇಲಿನ ಹೆಸರೂ ಅಳಿಸಿದೆ. ಗಾಯ ಮಾಯ್ದು ಎಷ್ಟೋ ಕಾಲವಾಯಿತು, ಆಕೆ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದಾಳೆ, ಹಳೆಯದನ್ನು ಹಿಡಿದು ಒಬ್ಬ ರೈತನಿಗೆ ಅಡ್ಡಿ ಮಾಡುವುದು ಸರಿಯಲ್ಲ ಎಂದರು.

ಅಧಿಕಾರಿ ಕಾಗದ ತಿರುವಿ, ಏನಾದರೂ ಹೇಳುವುದಿದೆಯೇ ಎಂದು ಹಾಜರಾಬಿಯನ್ನು ಕೇಳಿದರು. ಅವಳು ಎದ್ದು ನಿಂತಳು.

"ಗೌಡ್ರ ಮ್ಯಾಲೆ ನನಗ ಸಿಟ್ಟಿಲ್ರಿ ಸಾಹೇಬ್ರ. ಇದ್ದದ್ದೆಲ್ಲಾ ಅತ್ತು ತೀರಿಸೇನಿ. ಹಂದಿ ಬರತಾವು, ಅದೂ ಖರೇನ. ಆದ್ರ ಆ ಬಂದೂಕು ಒಂದು ಹಂದೀನೂ ಹೊಡದಿಲ್ಲ. ಅದು ಹೋಗಿದ್ದು ಮದಿವಿಗೆ."

ಬಾಗಿಲಲ್ಲಿದ್ದ ಕರುಣಾಳ ಕಡೆ ತಿರುಗಿದಳು.

"ಗಾಯ ಮಾಯ್ದಾವು ಅಂತ ವಕೀಲಸಾಹೇಬ್ರು ಹೇಳಿದ್ರು. ಆ ಮಗಳ ಕೈಯಾಗ ಒಂದು ಮಶಿನ್ ಐತ್ರಿ. ಅದಕ್ಕ ಸುಳ್ಳು ಹೇಳಾಕ ಬರೂದಿಲ್ಲ. ನೀವು ಹೂಂ ಅಂದ್ರ ಒಮ್ಮಿ ಆಡಸಲಿ."

ವಕೀಲರು ಆಕ್ಷೇಪಿಸಿದರು. ಅಧಿಕಾರಿ, ಆಡಿಸು ಎಂದು ಕರುಣಾಳಿಗೆ ಸನ್ನೆ ಮಾಡಿದರು. ಕರುಣಾ ಮುಂದೆ ಬಂದಳು. ಹಾಜರಾಬಿ ಪರದೆಯ ಹಿಂದೆ ನಿಲ್ಲುತ್ತಿದ್ದ ಹಾಗೆಯೇ, ಮೈತುಂಬ ಸೆರಗು ಹೊದ್ದು, ಕೈ ಅಗಲಿಸಿ ನಿಂತಳು.

ಮೊದಲ ಸದ್ದು ಭುಜದ ಮೇಲೆ ಬಂತು. ಆ ಪುಟ್ಟ ಕೋಣೆಯಲ್ಲಿ ಅದು ಹೊರಗಿನ ಬಾಗಿಲಲ್ಲಿ ಕೇಳುವುದಕ್ಕಿಂತ ಎಷ್ಟೋ ಜೋರಾಗಿ ಕೇಳಿಸಿತು. ಎರಡನೆಯದು ಕೊರಳ ಬುಡದಲ್ಲಿ. ಆಮೇಲೆ ಭುಜದ ಹಿಂದೆ ಎರಡು, ತೋಳಿನಲ್ಲಿ ಎರಡು, ಮುಂಗೈಯಲ್ಲಿ ಒಂದು. ಗುಮಾಸ್ತ ಟೈಪು ಮಾಡುವುದನ್ನು ನಿಲ್ಲಿಸಿದ. ಪಕ್ಕೆಲುಬಿನ ಉದ್ದಕ್ಕೂ ಯಂತ್ರ ಇಳಿಯುತ್ತ ಒದರಿತು, ಸುಮ್ಮನಾಯಿತು, ಮತ್ತೆ ಒದರಿತು. ಹಾಜರಾಬಿ ಯಾರನ್ನೂ ನೋಡದೆ ನಿಂತಿದ್ದಳು. ತನ್ನ ಎದುರು ನಿಂತಿರುವುದು ಒಂದು ಮೈಯೋ ಒಂದು ಸಾಕ್ಷಿಯೋ ಎಂದು ಕರುಣಾಳಿಗೆ ತಿಳಿಯದಾಯಿತು. ಹನ್ನೊಂದನೆಯ ಸದ್ದು ಬೆನ್ನುಮೂಳೆಯ ತೀರ ಪಕ್ಕದಲ್ಲಿ ಬಂದಾಗ ಅವಳು ಯಂತ್ರ ಆರಿಸಿ ಹಿಂದೆ ಸರಿದಳು.

ಆಗ ಫಕ್ಕೀರಗೌಡ ಮಾತಾಡಿದ. ಕೋಣೆಗೆ ಬಂದ ಮೇಲೆ ಅವನು ಆಡಿದ ಮೊದಲ ಮಾತು ಅದು.

"ಎಲ್ಲಾ ಇನ್ನೂ ಒಳಗ ಅದಾವ?"

"ಅದಾವ್ರಿ ಗೌಡ್ರ," ಎಂದಳು ಹಾಜರಾಬಿ. "ಹನ್ನೊಂದು."

ಅವನಿಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಆವತ್ತೇ ತೆಗೆದಿದ್ದಾರೆ ಎಂದು ಒಂಬತ್ತು ವರ್ಷ ನಂಬಿಕೊಂಡಿದ್ದ. ವಕೀಲರು ಬಗ್ಗಿ ಏನೋ ಪಿಸುಗುಟ್ಟಿದರು. ಅವನು ಕೇಳಿಸಿಕೊಳ್ಳಲಿಲ್ಲ. ಕೋಲೂರಿ ಎದ್ದು, ಅಧಿಕಾರಿಗೆ ಕೈಮುಗಿದು, ಹೊರಗೆ ಹೋದ.

ಎರಡು ವಾರದ ಮೇಲೆ ಆದೇಶ ಬಂತು. ಅರ್ಜಿ ತಿರಸ್ಕಾರವಾಗಿತ್ತು, ಬಂದೂಕನ್ನು ನಾಶ ಮಾಡಬೇಕೆಂದು ಬರೆದಿತ್ತು. ಫಕ್ಕೀರಗೌಡ ಮೇಲ್ಮನವಿಗೆ ಹೋಗಲಿಲ್ಲ.

ಆದೇಶದ ಪ್ರತಿಯನ್ನು ಹಾಜರಾಬಿಗೆ ಓದಿ ಹೇಳಬೇಕೆಂದು ಕರುಣಾ ಒಂದು ಭಾನುವಾರ ಉಣಕಲ್ಲಿಗೆ ಹೋದಳು. ಅಪ್ಪನ ಹಳೆಯ ಗಾದಿಯ ಹತ್ತಿ ಗಂಟುಗಟ್ಟಿತ್ತು, ಹಿಂಜಿಸಿದ ಹಾಗೂ ಆಯಿತೆಂದು ಅದನ್ನೂ ಆಟೋದಲ್ಲಿ ಹಾಕಿಕೊಂಡು ಹೋಗಿದ್ದಳು. ಹಾಜರಾಬಿ ಅಂಗಳದಲ್ಲಿ ಕೂತು ಉದ್ದನೆಯ ಸೂಜಿಯಿಂದ ಗಾದಿಗೆ ಟಾಕಿ ಹಾಕುತ್ತಿದ್ದಳು. ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಆದ್ದರಿಂದ ಗಾದಿಯನ್ನೇ ಮೊಣಕಾಲಿನಿಂದ ತಿರುಗಿಸಿಕೊಳ್ಳುವುದನ್ನು ಕಲಿತಿದ್ದಳು. ಸೊಸೆ ನಾಹಿದಾ ಚಹಾ ತಂದಳು. ಆದೇಶ ಓದಿ ಮುಗಿಸಿದಾಗ ಹಾಜರಾಬಿ ಛಲೋ ಆತು ಎಂದಳು, ಮತ್ತೆ ಸೂಜಿ ಹಿಡಿದಳು.

ಇನ್ನೂ ಚಹಾದ ಕಪ್ಪು ಕೆಳಗಿಟ್ಟಿರಲಿಲ್ಲ, ಬಾಗಿಲಲ್ಲಿ ಫಕ್ಕೀರಗೌಡ ಬಂದು ನಿಂತ. ಒಬ್ಬನೇ ಬಂದಿದ್ದ. ನಾಹಿದಾ ಗುರುತು ಹಿಡಿದು ಮುಖ ಬಿಗಿದುಕೊಂಡಳು. ಹಾಜರಾಬಿ ಗಾದಿಯ ಒಂದು ಅಂಚು ತೋರಿಸಿ ಕೂಡಲು ಹೇಳಿದಳು, ನೀರು ಕೊಡಿಸಿದಳು. ಅವನು ತಂಬಿಗೆ ಎತ್ತಿ ನೀರು ಕುಡಿದ. ಕ್ಷಮಿಸು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಬಹುಶಃ ಅದು ಅವನಿಗೆ ತೀರ ಸಣ್ಣದೆನಿಸಿತ್ತು. ಅವನು ಬಂದದ್ದು ಒಂದು ಕೆಲಸಕ್ಕೆ. ಮೊಮ್ಮಗಳ ಮದುವೆ ಏಪ್ರಿಲ್ ಕೊನೆಗಿತ್ತು. ಬೀಗರ ಕಡೆ, ತನ್ನ ಕಡೆ ಸೇರಿ ಲೈಸೆನ್ಸು ಇದ್ದವರು ಐದಾರು ಮಂದಿ. ಬಂದೂಕು ತರಬೇಡಿ ಎಂದು ಎಲ್ಲರಿಗೂ ಹೇಳಿ ಕಳಿಸಿದ್ದ. ನೀನು ಮಾಡಿದ್ದು ನೀನು ಅನುಭವಿಸಿದಿ, ನಮಗ್ಯಾಕೆ ಬುದ್ಧಿ ಹೇಳುತ್ತಿ ಎಂದು ಅವರು ನಕ್ಕಿದ್ದರು.

"ನನ್ನ ಮಾತಿಗೆ ತೂಕಿಲ್ಲ ತಂಗಿ," ಎಂದ. "ಏನ್ ಹೇಳಿದ್ರ ಕೇಳತಾರ, ನೀವ ಹೇಳಿಕೊಡ್ರಿ."

ನಾಹಿದಾ ತಡೆಯಲಾರದೆ, ನಮ್ಮ ಅತ್ತೆಯನ್ನು ಇದರಲ್ಲಿ ಎಳೆಯಬೇಡಿ, ಮದುವೆ ಮನೆಯೆಂದರೆ ಅವರಿಗೆ ಈಗಲೂ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಖಡಕ್ಕಾಗಿ ಹೇಳಿದಳು. ಅದು ನಿಜವೆಂದು ಕರುಣಾಳಿಗೆ ಆಗಲೇ ತಿಳಿದದ್ದು. ಹಾಜರಾಬಿ ನಾಲ್ಕು ಟಾಕಿ ಹಾಕಿದಳು, ದಾರ ಹಲ್ಲಿನಿಂದ ಕಡಿದಳು.

"ಹೇಳಿಕೊಡೂದು ಬ್ಯಾಡ, ನಾನ ಬರತೇನಿ," ಎಂದಳು. "ಬಾಗಲದಾಗ ಒಂದು ಕುರ್ಚಿ ಹಾಕ್ರಿ. ಆದ್ರ ನೀವು ನನ್ನ ಬಾಜೂಕ ನಿಂದರಬೇಕ್ರಿ ಗೌಡ್ರ. ಕೂಡಬಾರದು."

ಮದುವೆಯ ದಿನ ಕರುಣಾ ರಜೆ ಹಾಕಿ, ಸೀರೆ ಉಟ್ಟು ಹೋದಳು. ಹಾಜರಾಬಿಯೇ ಅವಳನ್ನು ಕರೆದಿದ್ದಳು. ಬಂದೂಕು ಬಿಚ್ಚಿ ಗುಂಡು ತೆಗೆಯಲು ಬಲ್ಲವರು ಒಬ್ಬರು ಬೇಕಲ್ಲ ಎಂದಿದ್ದಳು. ಹುಬ್ಬಳ್ಳಿಯ ಒಂದು ಮಂಟಪದಲ್ಲಿ ಮದುವೆ. ಬಾಗಿಲಿಗೆ ಬಾಳೆ ಕಟ್ಟಿದ್ದರು, ಪನ್ನೀರು ಚಿಮುಕಿಸುವ ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದರು. ಅವರ ಪಕ್ಕದಲ್ಲಿ ಒಂದು ಕೆಂಪು ಕುರ್ಚಿಯ ಮೇಲೆ ಹಾಜರಾಬಿ ಕೂತಳು. ತಿಳಿನೀಲಿ ಸೀರೆ, ತಲೆಯ ಮೇಲೆ ಸೆರಗು. ಬದಿಗೆ ಫಕ್ಕೀರಗೌಡ ಪಟಕಾ ಸುತ್ತಿ ನಿಂತ. ಅಲ್ಲಿ ಚೌಕಟ್ಟು ಇರಲಿಲ್ಲ, ಯಂತ್ರ ಇರಲಿಲ್ಲ.

ಮೊದಲು ಬಂದವನು ಗೌಡನ ದಾಯಾದಿ, ಎಪ್ಪತ್ತರ ಮುದುಕ, ಹೆಗಲಿಗೆ ಬಂದೂಕು. ಗೌಡ ಕಿವಿಯಲ್ಲಿ ಏನೋ ಹೇಳಿದ. ಮುದುಕ ಕುರ್ಚಿಯ ಕಡೆ ನೋಡಿದ, ಮರುಮಾತಿಲ್ಲದೆ ಬಂದೂಕು ಇಳಿಸಿ ಕರುಣಾಳ ಕೈಗಿತ್ತ. ಎರಡನೆಯವನು ಕಾರಿನಲ್ಲಿಟ್ಟಿದ್ದನ್ನು ತಾನೇ ಹೋಗಿ ತಂದ. ಮೂರನೆಯವನು ಸ್ವಲ್ಪ ವಾದಿಸಿದ, ಹೆಂಡತಿ ಕೈ ಜಗ್ಗಿದ ಮೇಲೆ ಕೊಟ್ಟ. ಕರುಣಾ ಒಂದೊಂದನ್ನೂ ಬಿಚ್ಚಿ, ಗುಂಡು ತೆಗೆದು, ಉಗ್ರಾಣದ ಕೋಣೆಯಲ್ಲಿಟ್ಟು, ಕೀಲಿ ಹಾಕಿ ಬರುತ್ತಿದ್ದಳು.

ಹನ್ನೊಂದು ಗಂಟೆಯ ಸುಮಾರಿಗೆ ಬೀಗರ ಕಡೆಯ ಹುಡುಗನೊಬ್ಬ ಗೆಳೆಯರ ಜೊತೆ ಬಂದ. ಮೂವತ್ತರೊಳಗಿನವನು, ಹೆಸರು ಬಸನಗೌಡ. ಸೊಂಟದಲ್ಲಿ ಹೊಸ ಪಿಸ್ತೂಲು, ಅಂಗಿ ಎತ್ತಿದರೆ ಕಾಣುವ ಹಾಗೆ. ಫಕ್ಕೀರಗೌಡ ಅದನ್ನು ಕೇಳಿದ್ದಕ್ಕೆ ಹುಡುಗ ನಕ್ಕುಬಿಟ್ಟ. ಲೈಸೆನ್ಸು ನನ್ನದು, ಇಲ್ಲಿ ಬಿಟ್ಟುಹೋಗಲು ನಾನೇನು ಕಳ್ಳನೇ, ಈ ಮುದುಕಿ ಯಾರು ನಮ್ಮನ್ನು ತಡೆಯಲು ಎಂದ. ಗೆಳೆಯರೂ ನಕ್ಕರು. ಪನ್ನೀರು ಹಿಡಿದ ಹೆಣ್ಣುಮಕ್ಕಳು ಹಿಂದೆ ಸರಿದರು.

ಫಕ್ಕೀರಗೌಡ ಎಲ್ಲರಿಗೂ ಕೇಳುವಂತೆ ಹೇಳಿದ. "ಈಕಿ ಗಂಡನ್ನ ನಾ ಕೊಂದೇನಿ. ಇಂಥಾ ಬಾಗಲದಾಗ. ಇಂಥಾ ಖುಷಿಯೊಳಗ."

ಅವನ ಮನೆಯವರೇ ಆ ಮಾತನ್ನು ಅವನ ಬಾಯಿಂದ ಎಂದೂ ಕೇಳಿರಲಿಲ್ಲ. ಕೈತಪ್ಪಿ ಆಯಿತು ಎಂದೇ ಇಷ್ಟು ವರ್ಷ ಮನೆಯಲ್ಲಿ ಹೇಳುತ್ತಿದ್ದರು. ನಗು ನಿಂತಿತು. ಆದರೂ ಬಸನಗೌಡ ಸೊಂಟದ ಮೇಲಿನ ಕೈ ತೆಗೆಯಲಿಲ್ಲ. ಇಷ್ಟು ಜನರ ಎದುರು ಸೋಲಲು ಅವನಿಗೆ ಆಗುತ್ತಿರಲಿಲ್ಲ.

ಹಾಜರಾಬಿ ಕುರ್ಚಿಯಿಂದ ಎದ್ದಳು. ತಮ್ಮಾ, ಕೈ ಕೊಡು ಎಂದಳು. ಹಿರಿಯ ಹೆಂಗಸು ಕೇಳಿದಳೆಂದು ಅವನು ಅರಿವಿಲ್ಲದೆಯೇ ಬಲಗೈ ಚಾಚಿದ. ಅವಳು ಅವನ ಹೆಬ್ಬೆರಳನ್ನು ಹಿಡಿದು ತನ್ನ ಎಡ ಮುಂಗೈಯ ಚರ್ಮದ ಮೇಲೆ ಇಟ್ಟು ಮೆಲ್ಲಗೆ ಒತ್ತಿದಳು. ಚರ್ಮದ ಕೆಳಗೆ ಕಾಳಿನಂಥದೊಂದು ಗುಂಡಗೆ ಜಾರಿತು. ಅವನು ಕೈ ಹಿಂದಕ್ಕೆಳೆಯಲು ನೋಡಿದ. ಅವಳು ಬಿಡಲಿಲ್ಲ.

"ಇದು ನಿನ್ನಂಥಾವರ ಖುಷಿ, ತಮ್ಮಾ," ಎಂದಳು. "ಒಂಬತ್ತು ವರ್ಷ ಆತು, ಇನ್ನೂ ನನ್ನ ಮೈಯಾಗ ಓಡ್ಯಾಡತೈತಿ."

ದನಿಯಲ್ಲಿ ಬೈಗುಳ ಇರಲಿಲ್ಲ. ಜ್ವರ ಬಂದ ಮಗುವಿಗೆ ಹೇಳುವಂತೆ ಹೇಳಿದ್ದಳು. ಬಸನಗೌಡನ ಮುಖದಲ್ಲಿ ಮೊದಲು ಹೇಸಿಕೆ ಬಂತು, ಆಮೇಲೆ ಭಯ, ಆಮೇಲೆ ಕರುಣಾ ಎಂದೂ ಮರೆಯಲಾರದ ಇನ್ನೊಂದು. ಹೆಬ್ಬೆರಳನ್ನು ಅಲ್ಲೇ ಇಟ್ಟುಕೊಂಡು ಎಡಗೈಯಿಂದ ಸೊಂಟದ ಪಿಸ್ತೂಲು ತೆಗೆದು, ಯಾರ ಮುಖವನ್ನೂ ನೋಡದೆ, ಕರುಣಾಳ ಕಡೆ ಚಾಚಿದ. ಕರುಣಾ ಮ್ಯಾಗಜಿನ್ ತೆಗೆದಳು, ನಳಿಗೆಯ ಬುಡದಲ್ಲಿ ಸಿದ್ಧವಾಗಿ ಕೂತಿದ್ದ ಒಂದು ಗುಂಡನ್ನು ಹೊರಗೆ ಜಾರಿಸಿದಳು. ಅದು ಅವಳ ಅಂಗೈಗೆ ಬಿತ್ತು, ಬೆಚ್ಚಗಿತ್ತು. ಅವನ ಮೈಯ ಬಿಸಿ ಅದು. ಆ ಹುಡುಗನ ಗೆಳೆಯರು ಒಬ್ಬೊಬ್ಬರಾಗಿ ಹಾಜರಾಬಿಯ ಎದುರು ತಲೆ ಬಗ್ಗಿಸಿ ಒಳಗೆ ಹೋದರು.

ಆಮೇಲೆ ಯಾರನ್ನೂ ಕೇಳುವ ಪ್ರಸಂಗ ಬರಲಿಲ್ಲ. ಉಳಿದ ಒಬ್ಬನು ತಾನಾಗಿಯೇ ಕರುಣಾಳನ್ನು ಹುಡುಕಿಕೊಂಡು ಬಂದು ಕೊಟ್ಟ. ಉಗ್ರಾಣದಲ್ಲಿ ಒಟ್ಟು ಐದು ಸೇರಿದವು.

ಹನ್ನೆರಡಕ್ಕೆ ಮದುಮಗನ ಮೆರವಣಿಗೆ ಬ್ಯಾಂಡಿನ ಸದ್ದಿನೊಂದಿಗೆ ರಸ್ತೆಯ ತಿರುವಿನಲ್ಲಿ ಕಾಣಿಸಿತು. ಯಾರೋ ಪಟಾಕಿಯ ಸರಕ್ಕೆ ಬೆಂಕಿ ಹಚ್ಚಿದರು. ಅದನ್ನು ಬೇಡವೆನ್ನಲು ಯಾರಿಗೂ ನೆನಪಾಗಿರಲಿಲ್ಲ. ಮೊದಲ ಸಿಡಿತಕ್ಕೆ ಹಾಜರಾಬಿ ಕುರ್ಚಿಯ ಮೇಲೆಯೇ ಕುಗ್ಗಿಹೋದಳು. ಕರುಣಾಳ ಮಣಿಕಟ್ಟನ್ನು ಹಿಡಿದ ಕೈ ಕಬ್ಬಿಣದಂತಿತ್ತು. ಕಣ್ಣು ಮುಚ್ಚಿತ್ತು, ತುಟಿ ಏನೋ ಜಪಿಸುತ್ತಿತ್ತು. ಒಳಗೆ ಹೋಗೋಣ ಚಾಚಿ ಎಂದು ಕರುಣಾ ಬಗ್ಗಿ ಹೇಳಿದಳು. ಅವಳು ಒಲ್ಲೆನೆಂದು ತಲೆ ಅಲ್ಲಾಡಿಸಿದಳು. ಇಷ್ಟು ಹೊತ್ತು ಬಂಡೆಯಂತೆ ಕೂತಿದ್ದವಳು ಎಲೆಯಂತೆ ನಡುಗುತ್ತಿದ್ದಳು. ಇವಳಿಗೆ ಧೈರ್ಯವಿದೆ, ಅದಕ್ಕೇ ಇಲ್ಲಿ ಕೂತಿದ್ದಾಳೆ ಎಂದು ಕರುಣಾ ತಿಳಿದಿದ್ದಳು. ಹಾಗಲ್ಲ, ಇಷ್ಟು ಭಯ ಹೊತ್ತುಕೊಂಡೇ ಬಂದು ಕೂತಿದ್ದಾಳೆ.

ಸರ ಮುಗಿಯಿತು. ಹೊಗೆ ಕರಗಿತು. ಮೆರವಣಿಗೆ ಬಾಗಿಲು ದಾಟಿ ಒಳಗೆ ಹೋಯಿತು. ಫಕ್ಕೀರಗೌಡ ಅಲ್ಲೇ ನಿಂತಿದ್ದ, ಪೂರ್ತಿ ಎರಡೂವರೆ ತಾಸು ಕೂತಿರಲಿಲ್ಲ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಒಳಗೆ ಅಯ್ಯನವರ ಮಂತ್ರ ಏರಿತು. ಮದುಮಗಳೇ ಹೇಳಿ ಕಳಿಸಿದಳೆಂದು ಹೆಣ್ಣುಮಗಳೊಬ್ಬಳು ಬಂದು ಹಾಜರಾಬಿಯ ಅಂಗೈಗೂ ಕರುಣಾಳ ಅಂಗೈಗೂ ಅಕ್ಕಿಕಾಳು ಹಾಕಿ ಹೋದಳು. ಇಬ್ಬರೂ ಬಾಗಿಲ ಒಳಗೆ ನಾಲ್ಕು ಹೆಜ್ಜೆ ಹೋಗಿ ನಿಂತರು. ತಾಳಿ ಕಟ್ಟುವ ಗಳಿಗೆಗೆ ಸಾವಿರ ಕೈ ಒಮ್ಮೆಲೇ ಎದ್ದವು. ಹಾಜರಾಬಿ ಎಡಗೈ ಎತ್ತಲು ನೋಡಿದಳು, ಏಳಲಿಲ್ಲ, ಬಲಗೈಯಿಂದ ಎಸೆದಳು.

ಊಟಕ್ಕೆ ಕೂತಾಗ ಅವಳು ಎರಡು ಹೋಳಿಗೆ ತುಪ್ಪ ಹಾಕಿಸಿಕೊಂಡು ತಿಂದಳು. ಬಹಳ ವರ್ಷದ ಮೇಲೆ ಮದುವೆ ಊಟ ಮಾಡುತ್ತಿರುವುದಾಗಿ ಹೇಳಿದಳು. ಕೈ ತೊಳೆಯಲು ಹೋದಾಗ ಮಂಟಪದ ವ್ಯವಸ್ಥಾಪಕರು ಹಿಂದೆಯೇ ಬಂದರು. ಮುಂದಿನ ಗುರುವಾರ ಇನ್ನೊಂದು ದೊಡ್ಡ ಮನೆತನದ ಮದುವೆ ಇದೆ, ಬರುತ್ತೀರಾ ಎಂದು ಸಂಕೋಚದಿಂದ ಕೇಳಿದರು. ಹಾಜರಾಬಿ ಕರುಣಾಳ ಮುಖ ನೋಡಿದಳು.

"ಗುರುವಾರ ನಿನಗ ರಜಾ ಸಿಗತೈತೇನು?" ಎಂದು ಕೇಳಿದಳು.